ಕಲ್ಲಿಗೊಂದು ಕಥೆ

ಬಳ್ಳಾರಿಯನ್ನು ಒಂದೇ ದಿನದಲ್ಲಿ ತೋರಿಸಿಕೊಡುವ ಗೈಡ್ ಎರ್ರಿಸ್ವಾಮಿಯವರ ಬಳಿ ಕೋಟೆ ಗುಡ್ಡದ ಕಲ್ಲಿಗೊಂದು ಕಥೆಯಿದೆ. ನಾಲ್ಕು ಮೆಟ್ಟಿಲು ಹತ್ತಿದರೋ ಇಲ್ಲವೋ, ಕೈಯಲ್ಲಿನ ಹಳದಿ ಛತ್ರಿಯನ್ನು ಊರಿ, "ನಿಂದರ್ರಿ ಸರ್, ಈ ಕಲ್ಲು ಸಾಮಾನ್ಯದ್ದಲ್ಲ" ಎನ್ನುತ್ತಾರೆ. ಅಲ್ಲೊಬ್ಬ ರಾಣಿ ದಣಿವಾರಿಸಿಕೊಂಡಿರುತ್ತಾಳೆ. ಮುಂದಿನ ತಿರುವಿನಲ್ಲಿ ಪಟ್ಟದ ಆನೆಯೇ ಇನ್ನು ಏರಲಾರೆನೆಂದು ಕೂತುಬಿಟ್ಟಿರುತ್ತದೆ. ಮೇಲೆ ಹೋದಷ್ಟೂ ಕಥೆ ಉದ್ದವಾಗುತ್ತದೆ. ಅದೇ ಮಧ್ಯಾಹ್ನ ಕುರುಗೋಡಿನ ಸಮತಟ್ಟು ನೆಲದಲ್ಲಿ, ಗುಡಿಯ ಭಾರೀ ಕಲ್ಲಿನ ನಂದಿಯೆದುರು ನಿಂತು, "ಬಸವಣ್ಣ ಭಾಳ ದೊಡ್ಡಾಂವ ಅದಾನ್ರಿ" ಎಂದಷ್ಟೇ ಹೇಳಿ ಮುಗಿಸುತ್ತಾರೆ. ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಗೈಡು ಬಂದವರೆದುರು ಏದುಸಿರು ಬಿಡುತ್ತಾ ನಿಂತರೆ ಮರ್ಯಾದೆಯೇ? ಗುಡ್ಡದ ತುದಿ ಮುಟ್ಟಿದರೆ ಅವರದೊಂದು ಅಪ್ಪಣೆ: "ಎಲ್ಲಾರೂ ಊರ ಕಡಿ ಕೈ ಬೀಸ್ರಿ. ಮ್ಯಾಲ ಬಂದವ್ರು ಊರಿಗೆ ಶರಣು ಅನ್ನಬೇಕು, ಹಳೇ ಪದ್ಧತಿ ಐತಿ." ಪ್ರವಾಸಿಗರು ಭಕ್ತಿಯಿಂದಲೇ ಬೀಸುತ್ತಾರೆ, ಇವರು ಛತ್ರಿ ಬಿಚ್ಚಿ ಎತ್ತುತ್ತಾರೆ. ಆ ಪದ್ಧತಿಗೂ ಸ್ಟೆಂಟಿಗೂ ಒಂದೇ ವಯಸ್ಸು. ಕೆಳಗೆ ಮನೆಯ ಮಾಳಿಗೆಯ ಮೇಲೆ ಕಾದು ನಿಂತ ಹೆಂಡತಿ ಕೊಟ್ರಬಸಮ್ಮ, ಅಷ್ಟೆತ್ತರದಲ್ಲಿ ಹಳದಿ ಚುಕ್ಕೆಯೊಂದು ಅಲುಗಾಡಿದ್ದನ್ನು ಕಂಡ ಮೇಲೆಯೇ ಒಳಗೆ ಹೋಗಿ, ಬೆಳಗಿನಿಂದ ಮುಚ್ಚಿಟ್ಟ ಮಂಡಕ್ಕಿ ಒಗ್ಗರಣೆಯ ತಟ್ಟೆಗೆ ಕೈ ಹಾಕುತ್ತಾರೆ.