ಕಿವಿಯಕ್ಕ ಮತ್ತು ನರ್ಸಮ್ಮನ ಸಣ್ಣ ಎಂಜಿನ್

ಒಂದೇ ಅಂಗಳದಲ್ಲಿ ನಮ್ಮಿಬ್ಬರ ಷೆಡ್ಡುಗಳು. ನನ್ನದರಲ್ಲಿ ಕಾರಿನ ಸೀಟು ಹೊಲಿಯುವ ಕೆಲಸ, ಎದುರಿನದರಲ್ಲಿ ಕಿವಿಯಕ್ಕನ ಎಂಜಿನ್ ಕೆಲಸ. ಅವಳ ನಿಜವಾದ ಹೆಸರು ಬಾಗಿಲ ಮೇಲಿನ ಬೋರ್ಡಿನಲ್ಲಿತ್ತು, ಯಾರೂ ಓದುತ್ತಿರಲಿಲ್ಲ. ಒಂದು ಮೊಳ ರಬ್ಬರ್ ಟ್ಯೂಬಿನ ಒಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದು, ಗಾಳಿ ಒಳಗೆ ಹೋಗುವ ಸದ್ದು ಕೇಳಿಯೇ ಅವಳು ತಿರುಪು ತಿರುಗಿಸುತ್ತಿದ್ದಳು. ಆ ಹೊತ್ತಿನಲ್ಲಿ ಯಾರಾದರೂ ಕೆಮ್ಮಿದರೂ ಕಣ್ಣು ಕೆಂಪಾಗುತ್ತಿತ್ತು. ಅದಕ್ಕೇ ಆ ಹೆಸರು ಬಿತ್ತು.

ಷೆಡ್ಡು ಅವಳ ಅಪ್ಪನದು. ಅಪ್ಪ ಹೋದ ಮೇಲೆ ಸ್ಪ್ಯಾನರುಗಳು ಅವಳ ಪಾಲಿಗೆ ಬಂದವು, ಮುಖ್ಯರಸ್ತೆಯ ಕಡೆಗಿದ್ದ ಜಾಗ ತಮ್ಮನ ಪಾಲಿಗೆ ಹೋಯಿತು. ತಮ್ಮ ಅಲ್ಲಿ ದೊಡ್ಡ ಗಾಜು ಹಾಕಿಸಿ ಹಳೇ ಸ್ಪೋರ್ಟ್ಸ್ ಕಾರುಗಳ ವ್ಯಾಪಾರ ಶುರುಮಾಡಿದ. ಕೆಟ್ಟ ಮನುಷ್ಯ ಅಂತ ಆಗ ಯಾರೂ ಹೇಳುತ್ತಿರಲಿಲ್ಲ. ಅಕ್ಕನಿಗೆ ಮಂಡಿ ನೋವು ಬಂದಾಗ ಮುಲಾಮು ತಂದುಕೊಟ್ಟವನು ಅವನೇ. ಮದುವೆ ಮಾಡಿಕೊಳ್ಳದ ಅಕ್ಕ ವಾರಕ್ಕೆ ಎರಡು ಸಲ ಅವನ ಮನೆಯಲ್ಲೇ ಊಟ ಮಾಡುತ್ತಿದ್ದಳು.

ಈ ಕತೆ ಶುರುವಾಗುವುದು ಒಂದು ಕಾರಿನಿಂದ. ನಮ್ಮ ಅಪ್ಪಂದಿರ ಕಾಲದಲ್ಲಿ ಒಂದು ಕಂಪನಿ ಎರಡು ಸೀಟಿನ, ನೆಲಕ್ಕೆ ಅಂಟಿದ ಹಾಗೆ ಓಡುವ ಒಂದು ಕಾರು ಮಾಡಿತ್ತು. ಮೈಕಟ್ಟು ಒಂದೇ, ಎಂಜಿನ್ ಮಾತ್ರ ಎರಡು ಬಗೆ: ಆರು ಸಿಲಿಂಡರಿನ ದೊಡ್ಡದು, ನಾಲ್ಕು ಸಿಲಿಂಡರಿನ ಸಣ್ಣದು. ಹೊರಗಿನಿಂದ ನೋಡಿದರೆ ದೊಡ್ಡದಕ್ಕೆ ಬಾನೆಟ್ಟಿನ ಮೇಲೊಂದು ಉಬ್ಬು, ಹಿಂದೊಂದು ಬ್ಯಾಡ್ಜು, ಅಷ್ಟೇ ವ್ಯತ್ಯಾಸ. ಆ ಉಬ್ಬಿಗಾಗಿ ಜನ ಬಾಯಿ ಬಿಡುತ್ತಿದ್ದರು. ಸಣ್ಣದನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಹೆಂಗಸರ ಕಾರು ಅನ್ನುವವರಿದ್ದರು, ದುಡ್ಡು ಸಾಲದವರ ಕಾರು ಅನ್ನುವವರೂ ಇದ್ದರು. ಹಾಗೆ ಅಂದವರಲ್ಲಿ ಬಹಳ ಜನ ಎರಡನ್ನೂ ಓಡಿಸಿದವರಲ್ಲ.

ಅಕ್ಕ ಎರಡನ್ನೂ ಬಿಚ್ಚಿ ಕಟ್ಟಿದವಳು, ಎರಡನ್ನೂ ಘಟ್ಟದ ರಸ್ತೆಯಲ್ಲಿ ಓಡಿಸಿದವಳು. ಅವಳ ಲೆಕ್ಕದಲ್ಲಿ ದೊಡ್ಡದರ ಮೂತಿ ಭಾರ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೆ, ಹೋಗಲೋ ಬೇಡವೋ ಅಂತ ಅದು ಒಂದು ಗಳಿಗೆ ಯೋಚಿಸುತ್ತದೆ. ಸಣ್ಣದು ನೀನು ನೋಡಿದ ಕಡೆಗೆ ಆಗಲೇ ತಿರುಗಿರುತ್ತದೆ. ದೊಡ್ಡದರ ಅರ್ಧ ಶಕ್ತಿ ಯಾರ ಉಪಯೋಗಕ್ಕೂ ಬಾರದೆ ಒಳಗೇ ಕೊಳೆಯುತ್ತದೆ, ಸಣ್ಣದರಲ್ಲಿ ಇರುವುದನ್ನೆಲ್ಲ ದಿನವೂ ಪೂರ್ತಿ ಬಳಸಬಹುದು. ಗೇರು ಬದಲಿಸುತ್ತಾ, ಎಂಜಿನ್ನಿಗೆ ಕಿವಿಗೊಡುತ್ತಾ ನೀನೂ ಅದರ ಜೊತೆ ದುಡಿಯಬೇಕು, ಓಡಿಸುವುದು ಅಂದರೆ ಅದೇ ಅನ್ನುತ್ತಿದ್ದಳು. ಕೇಳಿಸಿಕೊಂಡವರು ತಲೆದೂಗಿ, ಆಮೇಲೆ ತಮ್ಮನ ಗಾಜಿನ ಮುಂದೆ ನಿಂತು ಉಬ್ಬಿರುವ ಕಾರು ಬಂದಿದೆಯಾ ಅಂತ ವಿಚಾರಿಸುತ್ತಿದ್ದರು.

ಅಂಥ ಒಂದು ಸಣ್ಣ ಎಂಜಿನ್ನಿನ ಕಾರನ್ನು ನರ್ಸಮ್ಮ ಇಟ್ಟುಕೊಂಡಿದ್ದಳು. ಮನೆಮನೆಗೆ ಹೋಗಿ ಬಾಣಂತಿಯರನ್ನು, ಹಾಸಿಗೆ ಹಿಡಿದವರನ್ನು ನೋಡುವ ಕೆಲಸ. ಯಾರಿಗೂ ಬೇಡವಾಗಿದ್ದರಿಂದಲೇ ಆ ತಿಳಿನೀಲಿ ಕಾರು ಅವಳ ಕೈಗೆ ಎಟುಕಿತ್ತು. ಇಪ್ಪತ್ತೇಳು ವರ್ಷ, ಮಳೆ ಬಿಸಿಲು ನೋಡದೆ ಓಡಿಸಿದಳು. ಪಕ್ಕದ ಸೀಟಿನಲ್ಲಿ ಔಷಧಿಯ ಚೀಲ, ಒಮ್ಮೊಮ್ಮೆ ಹೆರಿಗೆ ನೋವಿನ ಹೆಂಗಸು. ಎರಡು ತಿಂಗಳಿಗೊಮ್ಮೆ ಅಂಗಳಕ್ಕೆ ಬಂದು, ಬಾನೆಟ್ ಎತ್ತಿ, ಅಕ್ಕನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಒಬ್ಬಳು ಎದೆಬಡಿತ ಕೇಳುವವಳು, ಇನ್ನೊಬ್ಬಳು ಎಂಜಿನ್ ಬಡಿತ ಕೇಳುವವಳು. ಇಬ್ಬರಿಗೂ ಮಾತು ಕಡಿಮೆ. ಆ ಎಂಜಿನ್ನಿನಷ್ಟು ಹದವಾಗಿ ಓಡುವ ಇನ್ನೊಂದನ್ನು ನಾನು ನೋಡಿಲ್ಲ. ಅದರ ಮೇಲೆ ನೀರಿನ ಲೋಟ ಇಟ್ಟರೂ ತುಳುಕುತ್ತಿರಲಿಲ್ಲ.

ನರ್ಸಮ್ಮನ ಕಣ್ಣು ಮಂಜಾಗುತ್ತಾ ಬಂತು. ಇನ್ನು ಓಡಿಸಬಾರದು ಅಂತ ವೈದ್ಯರು ಹೇಳಿದ ವಾರವೇ ಅವಳು ಬಂದಳು. ಇದನ್ನು ಗಾಜಿನ ಹಿಂದೆ ನಿಲ್ಲಿಸುವವರಿಗಲ್ಲ, ಓಡಿಸುವವರಿಗೆ ಕೊಡಬೇಕು, ಯಾರಿದ್ದಾರೆ ಹೇಳು ಅಂದಳು. ಅಕ್ಕ ತಮ್ಮನ ಹೆಸರು ಹೇಳಿದಳು. ಅವನು ನೂರು ಜನರನ್ನು ಬಲ್ಲವನು, ತಕ್ಕವರನ್ನು ಹುಡುಕುತ್ತಾನೆ ಅಂತ ನಂಬಿದ್ದಳು. ಇದ್ದ ಹಾಗೇ ಒಳ್ಳೆಯ ಕೈಗೆ ಸೇರಿಸುತ್ತೇನೆ ಅಂತ ತಮ್ಮನೂ ಮಾತು ಕೊಟ್ಟ.

ಎರಡು ತಿಂಗಳ ಮೇಲೆ ಅವನು ಒಂದು ಕಡುಗೆಂಪು ಕಾರನ್ನು ಅಂಗಳಕ್ಕೆ ತಂದ. ಬಾನೆಟ್ಟಿನ ಮೇಲೆ ಉಬ್ಬು, ಹಿಂದೆ ದೊಡ್ಡ ಎಂಜಿನ್ನಿನ ಬ್ಯಾಡ್ಜು. ಒಬ್ಬ ಹಲ್ಲಿನ ಡಾಕ್ಟರು ತಗೊಳ್ಳುತ್ತಿದ್ದಾರೆ, ನಾಳಿದ್ದು ಬರುತ್ತಾರೆ, ಕಾರ್ಬುರೇಟರ್ ಒಂದು ಹದಕ್ಕೆ ತಂದುಕೊಡು ಅಂದ. ಅದರ ಸೀಟು ಹೊಲಿದವನು ನಾನೇ. ಖಾಲಿ ಸೀಟುಗಳು ನನ್ನ ಷೆಡ್ಡಿಗೆ ಬಂದಿದ್ದವು, ಯಾವ ಕಾರಿನವು ಅಂತ ನಾನು ಕೇಳಿರಲಿಲ್ಲ. ಹೊಸ ಚರ್ಮಕ್ಕೆ ಚಹಾ ಬಳಿದು, ಮರಳುಕಾಗದದಲ್ಲಿ ಉಜ್ಜಿ, ಐವತ್ತು ವರ್ಷ ಹಳೆಯದಾಗಿ ಕಾಣುವಂತೆ ಮಾಡು ಅಂದಿದ್ದ, ಮಾಡಿದ್ದೆ.

ಅಕ್ಕ ಬಾನೆಟ್ ಎತ್ತಿದ ತಕ್ಷಣ ಮುಖ ಹಿಂದಕ್ಕೆ ಎಳೆದುಕೊಂಡಳು. ಒಳಗಿನಿಂದ ಆಸಿಡ್ಡಿನ ಹುಳಿ ವಾಸನೆ ಬಂತು. ಕಾರು ಯಾವ ಬಗೆಯದು ಅಂತ ತೋರಿಸುವ ನಂಬರಿನ ತಗಡನ್ನು ಹಳೆಯದು ಮಾಡಲು ಯಾರೋ ಆಸಿಡ್ ಸವರಿದ್ದರು. ಸವರಿದ್ದು ಸೋರಿ ಕೆಳಗಿನ ಬಣ್ಣ ಹುಣ್ಣಿನಂತೆ ಬೊಬ್ಬೆ ಎದ್ದಿತ್ತು. ಬೋಲ್ಟುಗಳ ಮೇಲೆ ತುಕ್ಕಿನ ಬಣ್ಣವನ್ನು ಬ್ರಷ್ಷಿನಲ್ಲಿ ಬಳಿದಿದ್ದರು. ಅವಳು ಮುಂದಿನ ಚಕ್ರದ ಹಿಂದೆ, ಅಡಿಗೆ ಕೈ ಹಾಕಿ ತಡವಿದಳು. ಅಲ್ಲಿ ಹೆಬ್ಬೆರಳಗಲದ ಒಂದು ವೆಲ್ಡಿಂಗ್ ಗಂಟು ಇತ್ತು. ಒಮ್ಮೆ ನರ್ಸಮ್ಮ ಕಾರನ್ನು ಹಳ್ಳಕ್ಕೆ ಇಳಿಸಿದಾಗ ಸೀಳಿದ್ದ ಅಡಿಯ ಕಂಬಿಗೆ ಅಕ್ಕನೇ ಹಾಕಿದ್ದು. ಕೈ ಅಲ್ಲೇ ನಿಂತಿತು. ಆಮೇಲೆ ಕೈಯನ್ನು ಹೊರಗೆ ತೆಗೆದು, ಏನೋ ಸತ್ತದ್ದನ್ನು ಮುಟ್ಟಿದವಳ ಹಾಗೆ ಬಟ್ಟೆಗೆ ಒರೆಸಿಕೊಂಡಳು.

"ಇದು ನರ್ಸಮ್ಮಂದು," ಅಂದಳು.

ತಮ್ಮ ಸುಳ್ಳು ಹೇಳಲು ಹೋಗಲಿಲ್ಲ. ಸಣ್ಣದಾಗಿದ್ದರೆ ಗಾಜಿನ ಹಿಂದೆ ಒಂದು ವರ್ಷ ಧೂಳು ತಿನ್ನುತ್ತಿತ್ತು ಅಂದ. ಬೇರೆಲ್ಲೋ ಜಜ್ಜಿಹೋದ ಕಾರಿನ ದೊಡ್ಡ ಎಂಜಿನ್ ಸಿಕ್ಕಿತು, ಕೂರಿಸಿದೆ ಅಂದ. ಬ್ರೇಕು ಅದೇ ಸಣ್ಣ ಕಾರಿನದಾ ಅಂತ ಅಕ್ಕ ಕೇಳಿದಳು. ಅದನ್ನು ಯಾರು ನೋಡುತ್ತಾರೆ ಅಂದ.

"ಯಾರಿಗೆ ಏನು ನಷ್ಟ ಅಕ್ಕಾ? ಅವರಿಗೆ ಬೇಕಾಗಿದ್ದು ಅವರಿಗೆ ಸಿಗುತ್ತೆ."

"ಅದರ ಎಂಜಿನ್ ಎಲ್ಲಿ?"

ಹಿಂದಿನ ಗುಜರಿ ಗುಡ್ಡೆಯಲ್ಲಿ ಇರಬಹುದು ಅಂದ, ಹಳೇ ಚಪ್ಪಲಿ ವಿಷಯ ಹೇಳುವ ಹಾಗೆ.

ನಾನೂ ಅವಳ ಹಿಂದೆ ಹೋದೆ. ಷೋರೂಮಿನ ಹಿಂದುಗಡೆ, ಒಡೆದ ಬಂಪರುಗಳ ನಡುವೆ ಅದು ಮಗ್ಗುಲಾಗಿ ಬಿದ್ದಿತ್ತು. ಪ್ಲಗ್ ಬಿಚ್ಚಿ ತೂತುಗಳನ್ನು ಹಾಗೇ ಬಿಟ್ಟಿದ್ದರು. ಒಳಗೆ ಮಳೆನೀರು ನಿಂತು, ಎಣ್ಣೆ ಬೆರೆತು ಹಾಲು ಒಡೆದಂತೆ ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಸೊಳ್ಳೆಮರಿ. ಕಾರ್ಬುರೇಟರಿನ ಬಾಯಿಗೆ ಯಾರೋ ಸಿಗರೇಟು ತುಂಡು ತುರುಕಿದ್ದರು, ಒಂದಲ್ಲ, ಬಾಯಿ ತುಂಬ. ಅಕ್ಕ ಒಂದೊಂದಾಗಿ ಹೊರಗೆ ತೆಗೆಯಲು ಶುರುಮಾಡಿದಳು. ನಾಲ್ಕನೆಯದಕ್ಕೆ ಗೋಡೆ ಹಿಡಿದುಕೊಂಡು ವಾಂತಿ ಮಾಡಿಕೊಂಡಳು.

ತಮ್ಮ ನೀರು ತಂದ. ಅವಳು ಲೋಟ ಮುಟ್ಟಲಿಲ್ಲ. ಅವನಿಗೂ ಆಗ ರೋಷ ಬಂತು. ದನಿ ಏರಿಸದೆಯೇ ಅಂದ: "ಹೋದ ವರ್ಷದ ಬಿಳಿ ಕಾರು, ಅದಕ್ಕೂ ಮುಂಚಿನ ಹಸಿರು ಕಾರು. ಎರಡನ್ನೂ ಹದಕ್ಕೆ ತಂದವಳು ನೀನೇ. ಆಗ ಅಡಿಗೆ ಕೈ ಹಾಕಿ ನೋಡಿದ್ಯಾ?"

ನೋಡಿರಲಿಲ್ಲ. ಅನುಮಾನ ಇರಲಿಲ್ಲವಾ ಅಂತ ಆಮೇಲೆ ನಾನು ಕೇಳಿದಾಗ, ಇತ್ತು, ಅದಕ್ಕೇ ನೋಡಲಿಲ್ಲ ಅಂದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿದ್ದ ಹೇಸಿಗೆ ತಮ್ಮನ ಮೇಲಿನದಲ್ಲ. ನಾನು ತಲೆ ತಗ್ಗಿಸಿಕೊಂಡೆ, ನನ್ನ ಉಗುರುಸಂದಿಯಲ್ಲಿ ಚಹಾದ ಕಲೆ ಇನ್ನೂ ಇತ್ತು.

ಹಲ್ಲಿನ ಡಾಕ್ಟರು ಹೇಳಿದ ದಿನ ಬಂದರು. ಕೈಗೆ ತೆಳುವಾದ ಚರ್ಮದ ಗ್ಲೌಸು, ಮೈಗೆಲ್ಲ ಸೆಂಟಿನ ಘಾಟು. ತಮ್ಮ ಮೊದಲೇ ಬಂದು ಅಕ್ಕನ ಹತ್ತಿರ ಬೇಡಿಕೊಂಡಿದ್ದ: ಹೊಗಳುವುದು ಬೇಡ, ಸುಮ್ಮನಿದ್ದರೆ ಸಾಕು. ಅಕ್ಕ ಸುಮ್ಮನಿರಲಿಲ್ಲ. ತಮ್ಮನ ಎದುರಿಗೇ, ಒಂದೂ ಬಿಡದೆ ಹೇಳಿದಳು. ಇದು ನಾಲ್ಕು ಸಿಲಿಂಡರಿನ ಕಾರಾಗಿತ್ತು, ಎಂಜಿನ್ ಬೇರೆಯದು, ನಂಬರಿನ ತಗಡು ಸುಳ್ಳು, ಬ್ರೇಕು ಈ ಭಾರಕ್ಕೆ ಸಾಲದು. ಡಾಕ್ಟರು ಮೈಯೆಲ್ಲ ಕಿವಿಯಾಗಿ ಕೇಳಿದರು. ತಮ್ಮನ ಮುಖ ಸುಣ್ಣ ಬಳಿದಂತಾಗಿತ್ತು. ಇನ್ನೇನು ಜಗಳ ಆಗುತ್ತದೆ ಅಂತ ನಾನು ಕತ್ತರಿ ಕೆಳಗಿಟ್ಟೆ.

ಡಾಕ್ಟರು ಬಾನೆಟ್ಟಿನ ಉಬ್ಬಿನ ಮೇಲೆ ಮೆಲ್ಲಗೆ ಕೈಯಾಡಿಸಿದರು. "ಹೇಳಿದ್ದು ಒಳ್ಳೇದಾಯ್ತು ಅಮ್ಮಾ. ಆದ್ರೆ ನಂಬರ್ ನೋಡಿದ್ರೆ ಬೇರೆಯವರಿಗೆ ಗೊತ್ತಾಗುತ್ತಾ?"

ಅಕ್ಕನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಭಾನುವಾರ ಕ್ಲಬ್ಬಿನವರೆಗೆ ಓಡಿಸುತ್ತೇನೆ, ಅಷ್ಟಕ್ಕೆ ಈ ಬ್ರೇಕು ಸಾಕು ಅಂತಲೂ ಅವರು ಸೇರಿಸಿದರು. ನಿಮ್ಮ ಹತ್ತಿರ ಬರುವವರಿಗೂ ಹೀಗೇ ಕೆಲಸ ಮಾಡಿಕೊಡುತ್ತೀರಾ ಅಂತ ಅಕ್ಕ ಕೇಳಿದ್ದಕ್ಕೆ ಡಾಕ್ಟರಿಗೆ ಬೇಸರವೂ ಆಗಲಿಲ್ಲ.

"ಕಟ್ಟಿಸಿಕೊಂಡ ಹಲ್ಲಲ್ಲೂ ಜನ ಚೆನ್ನಾಗೇ ನಗ್ತಾರಲ್ಲ," ಅಂದರು.

ಅವರಿಬ್ಬರೂ ಗಾಜಿನ ಕಡೆಗೆ ಮಾತಾಡುತ್ತಾ ನಡೆದರು. ಸುಳ್ಳು ಹೊರಬಿದ್ದದ್ದರಿಂದ ಡಾಕ್ಟರಿಗೆ ಚೌಕಾಸಿಗೆ ಅನುಕೂಲವಾಯಿತು, ಅಷ್ಟೇ. ತಮ್ಮನ ಮುಖಕ್ಕೆ ಬಣ್ಣ ಮರಳಿತ್ತು. ಅಕ್ಕ ಅಂಗಳದ ನಡುವೆ ಕ್ಯಾಕರಿಸಿ ಉಗಿದಳು. ಅಷ್ಟು ವರ್ಷದಲ್ಲಿ ಅವಳು ನೆಲಕ್ಕೆ ಉಗುಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮೋಸ ಮಾಡುವವನಿಗಾದರೂ ಹಿಡಿದಾರು ಅನ್ನುವ ಭಯ ಇರುತ್ತದೆ, ತಾನೇ ಬಾಯಿ ತೆರೆದು ಮೋಸವನ್ನು ನುಂಗುವವನಿಗೆ ಅದೂ ಇಲ್ಲ ಅಂದಳು.

ನರ್ಸಮ್ಮನಿಗೆ ಹೇಳದೆ ಇದ್ದುಬಿಡಬಹುದಿತ್ತು. ನಾನೂ ಅದನ್ನೇ ಹೇಳಿದೆ. ಅಕ್ಕ ಕೇಳದೆ ನನ್ನನ್ನೂ ಜೊತೆಗೆ ಎಳೆದುಕೊಂಡು ಹೋದಳು. ಮೂರನೇ ಮಹಡಿಯ ಒಂಟಿ ಕೋಣೆ, ಕಿಟಕಿ ಪಕ್ಕದಲ್ಲಿ ಕುರ್ಚಿ, ಗೋಡೆಗೆ ಒತ್ತಿದ ಕಬ್ಬಿಣದ ಮಂಚ. ಯಾರು ತಗೊಂಡರು, ಘಟ್ಟದ ಕಡೆ ಓಡಿಸುತ್ತಾರಂತಾ ಅಂತ ನರ್ಸಮ್ಮ ನಾವು ಕೂರುವ ಮೊದಲೇ ಕೇಳಿದಳು. ಅಕ್ಕ ನಿಂತೇ ಎಲ್ಲ ಹೇಳಿದಳು. ಸೀಟು ಹೊಲಿದದ್ದು ನಾನು ಅಂತ ನಾನೂ ಹೇಳಿದೆ.

ನರ್ಸಮ್ಮ ಕುರ್ಚಿಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡಳು. ಮಂಜು ಕಣ್ಣು ಅಕ್ಕನ ಕಡೆಗೇ ಇತ್ತು.

"ಅದಕ್ಕೆ ನೋವಾಯ್ತಾ ಅಂತ ಕೇಳೋಕೆ ಹೊರಟಿದ್ದೆ ನೋಡು, ಹುಚ್ಚು ನನಗೆ," ಅಂದಳು. ಆಮೇಲೆ ದನಿ ಗಟ್ಟಿಯಾಯಿತು. "ಅವನ ಹೆಸರು ಹೇಳಿದ್ದು ನೀನು."

ಅಕ್ಕ ಹೌದು ಅಂದಳು. ಕ್ಷಮೆ ಕೇಳಲಿಲ್ಲ, ನರ್ಸಮ್ಮ ಕೊಡಲೂ ಇಲ್ಲ. ಚಹಾ ಬೇಕಾ ಅಂತ ಕೂಡ ಕೇಳದೆ ನಮ್ಮನ್ನು ಕಳಿಸಿದಳು.

ಮಾರನೇ ದಿನ ಅಕ್ಕ ಕೈಗಾಡಿ ತಗೊಂಡು ಹೋಗಿ ಗುಜರಿಯಿಂದ ಆ ಎಂಜಿನ್ ತಂದಳು. ಪೂರ್ತಿ ಬಿಚ್ಚಿ, ಒಂದೊಂದು ತುಂಡನ್ನೂ ಸೀಮೆಎಣ್ಣೆಯಲ್ಲಿ ತೊಳೆದಳು. ಒಂದು ಸಿಲಿಂಡರಿನ ಗೋಡೆ ತುಕ್ಕು ತಿಂದು ಹಾಳಾಗಿತ್ತು, ಅದನ್ನು ಸರಿಪಡಿಸಲು ಮೂರು ತಿಂಗಳು ಹಿಡಿಯಿತು. ತಮ್ಮ ಕಳಿಸಿದ ಕಾರುಗಳನ್ನು ಹಾಗೇ ವಾಪಸು ಕಳಿಸಿದಳು. ಅವನ ಮನೆಯ ಊಟ ನಿಂತಿತು. ನಾದಿನಿ, ತಮ್ಮನ ಹೆಂಡತಿ, ಒಮ್ಮೆ ಡಬ್ಬಿಯಲ್ಲಿ ಅಡುಗೆ ತಂದಳು. ಅಕ್ಕ ಪಾಪ, ಅವಳ ಮುಂದೆ ಒಂದು ತುತ್ತು ಬಾಯಿಗಿಟ್ಟಳು. ಇಳಿಯದೆ ಬಟ್ಟೆಯಲ್ಲಿ ಉಗುಳಿದಳು. ನಾದಿನಿ ಅತ್ತುಕೊಂಡು ಹೋದಳು. ದೊಡ್ಡ ಎಂಜಿನ್ನಿನವರು ಅಕ್ಕನ ಷೆಡ್ಡಿಗೆ ಬರುವುದನ್ನೇ ಬಿಟ್ಟರು. ಅವಳು ಅಡಿಗೆ ಕೈ ಹಾಕಿ ನೋಡುತ್ತಾಳೆ ಅನ್ನುವ ಸುದ್ದಿ ಹಬ್ಬಿತ್ತು. ಯಾರೂ ಕುಂಬಳಕಾಯಿ ಕಳ್ಳ ಅನ್ನದಿದ್ದರೂ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಂಡರು.

ಎಂಜಿನ್ ಕೊನೆಗೆ ಒಬ್ಬ ಅಂಚೆಯವನ ಕಾರಿಗೆ ಹೋಯಿತು. ಅವನದೂ ಅದೇ ಬಗೆಯ ಸಣ್ಣ ಕಾರು, ಎಂಜಿನ್ ಸೀಳಿ ವರ್ಷಗಟ್ಟಲೆ ಟಾರ್ಪಾಲಿನ ಅಡಿ ನಿಂತಿದ್ದದ್ದು. ಕೂರಿಸಿಕೊಟ್ಟು, ಎಂಜಿನ್ ಬೇರೆ ಕಾರಿನದು, ಇಂಥ ನಂಬರಿನದು ಅಂತ ದಪ್ಪಕ್ಷರದಲ್ಲಿ ಬರೆದು ಅವನ ಕಾರಿನ ಕಾಗದಪತ್ರಕ್ಕೆ ಅಂಟಿಸಿದಳು. ಅಂಚೆಯವನು ಅದನ್ನು ದಿನಾ ಕೆಲಸಕ್ಕೆ ಓಡಿಸುತ್ತಾನೆ, ಘಟ್ಟಕ್ಕೂ ಹೋಗುತ್ತಾನೆ. ಒಂದು ದಿನ ಅವನೇ ನರ್ಸಮ್ಮನ ಬಾಗಿಲಿಗೆ ಕಾರು ತಗೊಂಡು ಹೋಗಿ ಒಂದು ಸುತ್ತು ಬನ್ನಿ ಅಂದನಂತೆ. ಅವಳು ಮೂರು ಮಹಡಿ ಇಳಿದು ಬಂದು, ರಸ್ತೆಯಲ್ಲಿ ನಿಂತು, ಎಂಜಿನ್ ಚಾಲೂ ಮಾಡಿಸಿ ಕೇಳಿದಳಂತೆ. ಹತ್ತಲಿಲ್ಲ. ಚೆನ್ನಾಗಿ ಓಡಿಸು ಅಂದು ಮೇಲೆ ಹೋದಳಂತೆ. ಅಕ್ಕನ ವಿಷಯ ಅವನನ್ನು ಕೇಳಲೂ ಇಲ್ಲ.

ಕೆಂಪು ಕಾರು ಭಾನುವಾರ ನಮ್ಮ ರಸ್ತೆಯಲ್ಲೇ ಹೋಗುತ್ತದೆ. ತಿರುವಿನಲ್ಲಿ ಡಾಕ್ಟರು ಎಮ್ಮೆ ಹೊಡೆದುಕೊಂಡು ಹೋಗುವವರ ಹಾಗೆ ನಿಧಾನ ಮಾಡುತ್ತಾರೆ. ರಸ್ತೆಬದಿಯ ಜನ ಕೈ ಬೀಸುತ್ತಾರೆ.

ನಾನು ಈಗಲೂ ತಮ್ಮನಿಗೆ ಸೀಟು ಹೊಲಿದುಕೊಡುತ್ತೇನೆ. ಬೇರೆ ಕೆಲಸ ಅಷ್ಟಾಗಿ ಬರುವುದಿಲ್ಲ. ಅಕ್ಕ ಮಧ್ಯಾಹ್ನ ನನ್ನ ಷೆಡ್ಡಿಗೆ ಬಂದು ಕೂರುತ್ತಾಳೆ, ಮಂಡಿ ನೀವಿಕೊಳ್ಳುತ್ತಾ ಅದೂ ಇದೂ ಮಾತಾಡುತ್ತಾಳೆ. ಆದರೆ ಮೇಜಿನ ಮೇಲಿರುವ ಚರ್ಮ ಯಾರದು ಅಂತ ಕೇಳುವುದಿಲ್ಲ. ಅದನ್ನು ಮುಟ್ಟದ ಹಾಗೆ ಸ್ಟೂಲನ್ನು ಸ್ವಲ್ಪ ದೂರಕ್ಕೆ ಎಳೆದುಕೊಂಡು ಕೂರುತ್ತಾಳೆ.