ಉಪ್ಪು ಬಿಟ್ಟ ಅಜ್ಜಿ

ಚಾಮರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಕಾಮಾಲೆಗೆ ಔಷಧಿ ಕೊಡುತ್ತಿದ್ದರು. ಬಂದವರ ಕಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ನೋಡಿ, ಹಿತ್ತಲಿನ ಚಪ್ಪಡಿ ಸಂದಿಯ ನೆಲನೆಲ್ಲಿಯನ್ನು ಕಿತ್ತು ಅರೆದು, ಮಜ್ಜಿಗೆಯಲ್ಲಿ ಕಲಸಿ ಬರಿಹೊಟ್ಟೆಗೆ ಕುಡಿಸುವರು. “ಮೂರು ದಿನ ಉಪ್ಪು ಬಿಡಿ, ಇಳಿದೋಗುತ್ತೆ” ಎನ್ನುವರು. ನನಗೂ ಇಳಿದಿತ್ತು.

ಅವರ ಮಗಳ ಕಣ್ಣು ಹಳದಿಯಾದಾಗಲೂ ಅದನ್ನೇ ಕುಡಿಸಿದರು. ಇಳಿಯಲಿಲ್ಲ. ಇನ್ನು ಮೂರು ದಿನ, ಮತ್ತೆ ಮೂರು ದಿನ ಎಂದು ಪಥ್ಯ ಮುಂದುವರಿಸಿದರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ತಡವಾಗಿತ್ತು, ಮಗಳು ಉಳಿಯಲಿಲ್ಲ.

ಆಮೇಲೆ ಬಾಗಿಲಿಗೆ ಬಂದವರನ್ನೆಲ್ಲ ಆಸ್ಪತ್ರೆಗೆ ಕಳಿಸತೊಡಗಿದರು. ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಸಾರನ್ನ ಒಯ್ದರೆ, ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಉಪ್ಪು ಬಿಟ್ಟಿದೀನಿ.”

“ಎಷ್ಟು ದಿನಕ್ಕೆ ಅಜ್ಜಿ?”

“ಕೊನೇಲಿ ಅವಳು ಉಪ್ಪು ಹಾಕಿದ ಒಂದು ತುತ್ತು ಸಾರನ್ನ ಕೇಳಿದ್ಲು. ಪಥ್ಯ ಕೆಡುತ್ತೆ ಅಂತ ಕೊಡ್ಲಿಲ್ಲ ಕಣಪ್ಪ.”