ಮುಚ್ಚಳಕ್ಕೆ ಹಾಕಿದ ಅರಗು

ಯುದ್ಧ ನಡೆಯುತ್ತಿದ್ದ ಕಾಲ, ಪೆಟ್ರೋಲು ಕೂಪನ್ನಿಗಷ್ಟೇ ಸಿಗುತ್ತಿತ್ತು. ನನ್ನ ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮುಚ್ಚಳದಲ್ಲೊಂದು ಸಣ್ಣ ತೂತು. ಪೆಟ್ರೋಲು ಅಲ್ಲಿಂದಲೇ ಆರಿಹೋಗುತ್ತಿದೆ ಎಂದುಕೊಂಡು, ಕಚೇರಿಯ ಲಕೋಟೆಗೆ ಹಾಕುವ ಅರಗನ್ನು ಮನೆಯಲ್ಲೇ ಕರಗಿಸಿ ಆ ತೂತನ್ನು ಮುಚ್ಚಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಹನ್ನೊಂದರೊಳಗೆ ಶಿವಮೊಗ್ಗದಿಂದ ಭದ್ರಾವತಿಗೆ ಕಾಗದ ಮುಟ್ಟಿಸಬೇಕಿತ್ತು. ಗಾಡಿ ಮೂರು ಮೈಲಿಗೊಮ್ಮೆ ನಿಂತಿತು. ಪ್ರತಿ ಸಲವೂ ಮುಚ್ಚಳ ತೆಗೆದು ನೋಡಿದರೆ ಪೆಟ್ರೋಲಿದೆ. ಪ್ಲಗ್ ಬಿಚ್ಚಿ ಉಜ್ಜಿದರೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಜನ್ನಾಪುರದ ಹತ್ತಿರ ಬರುವಾಗ ಹನ್ನೊಂದೂವರೆ. ಸಿಟ್ಟಿನಿಂದ ಮುಚ್ಚಳ ಕಿತ್ತು ನೆಲಕ್ಕೆಸೆದೆ. ಟ್ಯಾಂಕು ಪುಸ್ ಎಂದಿತು.

ಪಕ್ಕದಲ್ಲಿ ಸೀಮೆಎಣ್ಣೆ ಮಾರುತ್ತಿದ್ದ ಅಜ್ಜಿ ಮುಚ್ಚಳ ಎತ್ತಿಕೊಂಡು ನೋಡಿದಳು.

"ಈ ತೂತು ಯಾರು ಮುಚ್ಚಿದ್ದು ಸ್ವಾಮಿ?"

"ನಾನೇ. ಯಾಕೆ?"

"ಡಬ್ಬಕ್ಕೆ ಗಾಳಿ ಹೋಗೋಕೆ ಇನ್ನೊಂದು ತೂತು ಹೊಡೀದೆ ಇದ್ರೆ ನನ್ನ ಎಣ್ಣೇನೇ ಇಳಿಯಲ್ಲ. ನಿಮ್ಮದು ಹೆಂಗೆ ಇಳಿಯುತ್ತೆ?"

ಡಬ್ಬಕ್ಕೆ ತೂತು ಹೊಡೆಯುವ ಮೊಳೆಯಿಂದ ಅರಗನ್ನೆಲ್ಲ ಕೆದಕಿ ತೆಗೆದುಕೊಟ್ಟಳು. ಗಾಡಿ ಮತ್ತೆ ನಿಲ್ಲಲಿಲ್ಲ.

ತಡವಾದದ್ದಕ್ಕೆ ನಮ್ಮ ಕಚೇರಿಯ ಸಾಹೇಬರು ಕಾರಣ ಬರೆದುಕೊಡಲು ಹೇಳಿದರು. ‘ಯಂತ್ರದೋಷ’ ಎಂದು ಬರೆದು, ಲಕೋಟೆಗೆ ಗಾಳಿಯೂ ಆಡದಂತೆ ಅರಗು ಹಾಕಿದೆ.